ನಡುವಿನದು ಖಾಲಿ

ಜುಲೈ 14, ಸೋಮವಾರ. ಮಧ್ಯಾಹ್ನ, ಊಟದ ಗಿರಾಕಿ ಮುಗಿದ ಮೇಲೆ

ಗಂಜಿ ಅಂಟು ಮತ್ತೆ ಹಳಸಿದೆ. ನಿನ್ನೆ ಕುದಿಸಿಟ್ಟದ್ದು. ಮುಚ್ಚಳ ತೆಗೆದರೆ ಹುಳಿ ವಾಸನೆ. ಚೆಲ್ಲಿದೆ. ಫೆವಿಕಾಲ್ ತೆಗೆದರೆ ಅದರ ಮೂತಿ ಗಟ್ಟಿ. ಹೇರ್‌ಪಿನ್ ಹಾಕಿ ಚುಚ್ಚಿದೆ.

ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದ ಕಾಗದ ಹರಿದೆ. ಅಂಟಿಸಿದೆ. ಕಿತ್ತೆ. ಮೇಲೊಂದು ಟಿಶ್ಯೂ, ಅದರ ಮೇಲೆ ಹೊಲಿಗೆ. ದೂರ ನಿಂತು ನೋಡಿದರೆ ಪಿಂಟರೆಸ್ಟ್‌ನಲ್ಲಿ ಯಾರೋ ಮಾಡಿಟ್ಟದ್ದೇ. ಅದನ್ನೂ ಕಿತ್ತೆ.

ಸಂಭಾಜಿನಗರದ ದೀಪಕ ಅವರ ಗ್ಯಾಲರಿಯಲ್ಲಿ ಒಂದಿಡೀ ಗೋಡೆ ನನಗೆ. ಎಕ್ಸಿಬಿಷನ್ ಆಗಸ್ಟ್ ಎಂಟಕ್ಕೆ ಶುರು. ಮಗಳು ಪ್ರಜ್ಞಾ ಅಲ್ಲೇ ಆರ್ಕಿಟೆಕ್ಟ್ ಒಬ್ಬರ ಆಫೀಸಿನಲ್ಲಿ ಕೆಲಸಕ್ಕಿದ್ದಾಳಲ್ಲ, ಅವಳೇ ನನ್ನ ಹಳೆಯ ಕೊಲಾಜುಗಳ ಫೋಟೋ ತೋರಿಸಿ ಒಪ್ಪಿಸಿದ್ದು. ಮೂರು ದೊಡ್ಡ ಪ್ಯಾನೆಲ್ ಕೊಡುತ್ತೇನೆ ಎಂದು ಒಪ್ಪಿಕೊಂಡುಬಿಟ್ಟೆ. ಬಾಯಿ ನನ್ನದೇ. ಕೈ ಯಾರದೋ.

ಜುಲೈ 15

ಬೆಳಿಗ್ಗೆ ಇವರು ಮೇಲೆ ಬಂದರು. ಬಾಗಿಲಲ್ಲೇ ನಿಂತು ಗೋಡೆಯಿಂದ ಗೋಡೆಗೆ ಕಣ್ಣಳತೆ ಹಾಕಿದರು. ವಿಷಯ ಗೊತ್ತಿತ್ತು. ನಾಶಿಕದ ಈ ಪಂಚವಟಿಯಲ್ಲಿ ಎಲ್ಲ ಹೋಟೆಲಿನವರೂ ಎಸಿ ಫ್ಯಾಮಿಲಿ ರೂಮ್ ಮಾಡಿದ್ದಾರೆ, ನಮ್ಮಲ್ಲಿ ಮಾತ್ರ ಇಲ್ಲ. ಇರುವ ಜಾಗ ಇದೊಂದೇ, ನನ್ನ ಕಾಗದದ ರೂಮು.

“ನಿಂಗೆ ಬೇಸರ ಮಾಡ್ಲಿಕ್ಕೆ ಹೇಳುದಲ್ಲ ಮಾರಾಯ್ತಿ. ಎಕ್ಸಿಬಿಷನ್ ಒಂದು ಆಗ್ಲಿ. ಅದರಿಂದ ಎಂತಾದ್ರೂ ಆಯ್ತು ಅಂದ್ರೆ ರೂಮು ನಿಂದೇ, ಮತ್ತೆ ನಾನು ಕೇಳುದಿಲ್ಲ. ಎಂತದೂ ಆಗ್ದಿದ್ರೆ ಚೌತಿಯ ಮುಂಚೆ ಖಾಲಿ ಮಾಡಿ ಕೊಡು.”

ಆಯ್ತು ಎಂದೆ. ಜಗಳವಾಡಲೂ ಶಕ್ತಿ ಬೇಕಲ್ಲ. ಜೊತೆಗೆ ಅವರು ಹೇಳಿದ್ದರಲ್ಲಿ ಸುಳ್ಳೂ ಇಲ್ಲ — ಈ ರೂಮು ಸಿಕ್ಕಿ ನಾಲ್ಕು ವರ್ಷ, ಇಲ್ಲಿ ಕೂತು ನಾನು ಮಾಡಿದ್ದು ಏನು? ಮೊದಲು ಕೆಳಗೆ ಅಕ್ಕಿ ಮೂಟೆಗಳ ಮಧ್ಯೆ, ಸ್ಟೋರಿನಲ್ಲಿ ಕೂತು ಮಾಡುತ್ತಿದ್ದೆ. ಜಾಗ ಇಲ್ಲ, ಬೆಳಕಿಲ್ಲ ಎಂದು ದಿನಾ ಗೊಣಗಾಟ. ಜಾಗ ಸಿಕ್ಕಿತು, ಕಿಟಕಿ ಸಿಕ್ಕಿತು, ಕೈ ನಿಂತಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ನೆಲವೂ ನೆಟ್ಟಗೇ ಇದೆ.

ಜುಲೈ 19, ಶನಿವಾರ

ಯೇವಲಾಕ್ಕೆ ಹೋಗಿ ಬಂದೆ. ಸ್ಫೂರ್ತಿ ಹುಡುಕಿಕೊಂಡು! ಯೂಟ್ಯೂಬಿನ ಹೆಂಗಸು ಹೇಳಿದ್ದಾಳೆ — ಮನೆಯಿಂದ ಹೊರಗೆ ಹೋಗಿ, ಪ್ರೊಸೆಸ್ ನಂಬಿ. ಆಕೆಯ ಮನೆಯಲ್ಲಿ ಸಾಂಬಾರಿಗೆ ಬೇಳೆ ಬೇಯಿಸುವವರು ಯಾರೋ.

ಪೈಠಣಿ ಸೀರೆ ನೇಯುವ ಮನೆಯೊಂದರಲ್ಲಿ ಕತ್ತರಿಸಿ ಬಿಟ್ಟ ರೇಷ್ಮೆ ನೂಲಿನ ತುಂಡುಗಳನ್ನು ಕೈತುಂಬ ಕೊಟ್ಟರು. ನೇರಳೆ, ಗಿಳಿಹಸಿರು, ಜರಿ. ಬಸ್ಸಿನಲ್ಲಿ ಬರುತ್ತಾ ಕವರಿನೊಳಗೆ ಇಣುಕಿ ಇಣುಕಿ ನೋಡಿದೆ. ಬಹಳ ದಿನಗಳ ಮೇಲೆ ಖುಷಿ ಎನಿಸಿತು, ನಿಜ ಹೇಳಬೇಕೆಂದರೆ.

ಸಂಜೆ ಅಂಟಿಸಿದೆ. ಸೀರೆ ಅಂಗಡಿಯ ಜಾಹೀರಾತಿನ ಹಾಗೆ ಕಾಣುತ್ತಿದೆ.

ಜುಲೈ 28, ಸೋಮವಾರ

ಮೊದಲ ಶ್ರಾವಣ ಸೋಮವಾರ, ಊರಿಗೆಲ್ಲ ಉಪವಾಸ. ಸಾಬೂದಾನ ಖಿಚಡಿ, ಸಾಬೂದಾನ ವಡೆ, ಮತ್ತೆ ಖಿಚಡಿ. ತ್ರ್ಯಂಬಕಕ್ಕೆ ಹೋಗುವವರು, ಬರುವವರು. ಉಡುಪಿ ಹೋಟೆಲು ಎಂಬ ಬೋರ್ಡಿನ ಕೆಳಗೆ ಒಂದು ದೋಸೆ ಹೋಗಿಲ್ಲ ಇವತ್ತು. ಕಾಲು ಊದಿದೆ.

ಎರಡು ಪ್ಯಾನೆಲ್ ಹೇಗೋ ಆಗಿವೆ. ಎಡಕ್ಕೆ ಗೋದಾವರಿ — ನೀಲಿ ಟಿಶ್ಯೂ, ಘಾಟಿನಲ್ಲಿ ಸಿಕ್ಕ ಹೂವಿನ ಪೊಟ್ಟಣದ ಕಾಗದ. ಬಲಕ್ಕೆ ನಮ್ಮ ಹೋಟೆಲು — ಹಳೆಯ ಮೆನು ಕಾರ್ಡು, ಯೇವಲಾದ ನೂಲು. ಅಚ್ಚುಕಟ್ಟಾಗಿವೆ. ಅಷ್ಟೇ. ನಡುವಿನದಕ್ಕೆ ಏನೂ ಹೊಳೆಯುತ್ತಿಲ್ಲ. ಬಿಳಿ ಬೋರ್ಡು ಗೋಡೆಗೆ ಒರಗಿ ನಿಂತಿದೆ. ಅದರ ಕಡೆ ಬೆನ್ನು ಹಾಕಿ ಕೂರುತ್ತೇನೆ.

ಆಗಸ್ಟ್ 3

ಜ್ವರ. ವೈರಲ್ ಅಂತೆ. ಇಡೀ ನಾಶಿಕಕ್ಕೇ ಬಂದಿದೆಯಂತೆ, ನನಗೊಬ್ಬಳಿಗೇ ಅಲ್ಲ. ಸಮಾಧಾನವೇ.

ಆಗಸ್ಟ್ 5

ಎದ್ದು ಕೂರಲು ಆಗುತ್ತಿಲ್ಲ. ಪಾರ್ಸೆಲ್ ಗಾಡಿ ಹನ್ನೊಂದಕ್ಕೇ ಬಂತು. ಯಮನವ್ವ ಪ್ಯಾಕ್ ಮಾಡಿ ಕಳಿಸಿದಳು. ಇಂಡಿ ಕಡೆಯವಳು, ಗಂಡ ಬಿಲ್ಡಿಂಗ್ ಕೆಲಸಕ್ಕೆ, ಇವಳು ನಮ್ಮಲ್ಲಿ ಪಾತ್ರೆ, ರುಬ್ಬುವ ಕೆಲಸಕ್ಕೆ. ಪಟ ಬಾಗದ ಹಾಗೆ ಗಟ್ಟಿ ಕಟ್ಟು ಎಂದು ಮಲಗಿದಲ್ಲಿಂದಲೇ ಹೇಳಿದೆ. ಎರಡೇ ಪ್ಯಾನೆಲ್. ನಡುವಿನದು ಆಗಲೇ ಇಲ್ಲ.

ಪ್ರಜ್ಞಾಗೆ ಫೋನ್ ಮಾಡಿದೆ. ಮಾತಾಡಲು ಗಂಟಲೂ ಇಲ್ಲ. ಗೋಡೆಯ ಎಡಕ್ಕೊಂದು ಬಲಕ್ಕೊಂದು ಹಾಕು, ನಡುವಿನದು ಖಾಲಿ ಇರಲಿ ಎಂದೆ. “ಹೋ ಅಮ್ಮಾ, ಸಮಜ್ಲಂ,” ಎಂದಳು, ಅರ್ಥವಾಯಿತಂತೆ. ನನ್ನ ಕನ್ನಡಕ್ಕೆ ಅವಳ ಮರಾಠಿ ಉತ್ತರ. ಹುಟ್ಟಿದಾಗಿನಿಂದ ಹೀಗೇ ನಡೆದಿದೆ ನಮ್ಮ ಸಂಸಾರ.

ನಡುವೆ ಖಾಲಿ ಗೋಡೆ. ಬಂದವರು ಇದೇನೋ ಅರ್ಥ ಇರಬೇಕು ಅಂದುಕೊಳ್ಳಲಿ. ಮಾಡರ್ನ್ ಆರ್ಟು.

ಆಗಸ್ಟ್ 8, ಶುಕ್ರವಾರ

ವಾಟ್ಸಾಪಿನಲ್ಲಿ ಫೋಟೋ ಬಂತು. ಎಡಕ್ಕೆ ಗೋದಾವರಿ. ಬಲಕ್ಕೆ ಹೋಟೆಲು. ನಡುವೆ, ಅವೆರಡಕ್ಕಿಂತ ಕೆಳಗೆ, ಹೆಚ್ಚುಕಡಿಮೆ ಮೊಣಕಾಲಿನ ಮಟ್ಟಕ್ಕೆ... ನನ್ನ ಅಡಿಹಲಗೆ!

ಅಡಿಗೆ ಇಟ್ಟುಕೊಂಡು ಕಾಗದ ಕತ್ತರಿಸುವ ಹಲಗೆ. ಅಂಟು ಒರೆಸುವ ಹಲಗೆ. ಬ್ರಷ್ ತಿಕ್ಕುವ, ಬಣ್ಣ ಹೊಂದುತ್ತದೋ ಎಂದು ಬಳಿದು ನೋಡುವ, ಲೋಟ ಇಡುವ, ಗ್ಯಾಸಿನವನ ನಂಬರ್ ಗೀಚಿದ ಹಲಗೆ. ಅದನ್ನು ಮೊಳೆ ಹೊಡೆದು ನೇತುಹಾಕಿದ್ದಾರೆ. ಮೇಲೆ ಲೈಟು ಬೇರೆ.

ಮೈಯೆಲ್ಲ ಉರಿಯಿತು. ಜ್ವರದ ಉರಿಯಲ್ಲ. ಒಗೆಯದ ಲಂಗ ತೆಗೆದು ಚೌಕದಲ್ಲಿ ಹರವಿದ ಹಾಗಾಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ಉದ್ಘಾಟನೆಯ ಗಡಿಬಿಡಿ ಇರಬೇಕು.

ಯಮನವ್ವನನ್ನು ಕರೆದು ಕೇಳಿದೆ. ಪಾಪ, ಹೆದರಿದಳು. “ಪಟ ಬಾಗಬಾರದಂತ ನೀವ ಹೇಳಿದ್ರಲ್ರಿ ಅಕ್ಕಾರ, ಎರಡರ ನಡಕ ಆ ಹಲಗಿ ಇಟ್ಟು ಕಟ್ಟೀನ್ರಿ. ತಪ್ಪಾತೇನ್ರಿ?” ಎಂದಳು. ಅವಳದೇನು ತಪ್ಪು.

ಆಗಸ್ಟ್ 9

ಪ್ರಜ್ಞಾ ಫೋನ್ ಮಾಡಿದಳು. ಎತ್ತಿದ ಕೂಡಲೇ ಬೈದೆ. ನಡುವಿನದು ಖಾಲಿ ಬಿಡು ಎಂದರೆ ಕಸ ತಂದು ನೇತುಹಾಕುತ್ತೀಯಾ ಎಂದೆ.

“ಅಗ ಅಮ್ಮಾ, ತೂಚ್ ಬೋಲಲೀಸ್ ನಾ, ನೀನೇ ಹೇಳಿದ್ದಲ್ವಾ, ನಡುವಿಂದು ಖಾಲಿ ಅಂತ? ಮೂರು ಬೋರ್ಡ್ ಬಂತು. ನಡುವಿಂದು ನಾನು ಖಾಲೀ ಲಾವ್ಲಾ. ಕೆಳಗೆ ಹಾಕ್ದೆ!”

ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ. ಇಪ್ಪತ್ತೇಳು ವರ್ಷದಿಂದ ಈ ಊರಿನಲ್ಲಿದ್ದೇನೆ, ತರಕಾರಿಯವನ ಹತ್ತಿರ ದಿನಾ ಆಡುವ ಶಬ್ದ. ಖಾಲೀ ಠೇವ್ ಅಂದರೆ ಅವನು ಬುಟ್ಟಿ ಕೆಳಗಿಡುತ್ತಾನೆ. ಮಗಳ ಜೊತೆ ಮಾತಾಡುವಾಗ ಮಾತ್ರ ಅದು ಕನ್ನಡದ ಖಾಲಿಯೇ ಎಂದು ನನ್ನ ತಲೆಯಲ್ಲಿ. ಅವಳ ತಲೆಯಲ್ಲಿ ಯಾವುದೆಂದು ನಾನು ಯಾವತ್ತು ಕೇಳಿದ್ದೇನೆ?

ತೆಗೆದುಹಾಕು ಎಂದೆ. ಅವಳು ಮೆಲ್ಲಗೆ, ಜನ ಅಲ್ಲೇ ನಿಲ್ಲುತ್ತಿದ್ದಾರೆ, ನೀನು ಬಂದು ನೋಡು, ಆಮೇಲೆ ಹೇಳು ಎಂದಳು.

ಆಗಸ್ಟ್ 12, ಮಂಗಳವಾರ. ಸಂಭಾಜಿನಗರ, ಪ್ರಜ್ಞಾಳ ರೂಮು

ಬಸ್ಸಿನಲ್ಲಿ ಇಡೀ ದಾರಿ ದೀಪಕ ಅವರಿಗೆ ಏನು ಹೇಳಬೇಕೆಂದು ಮರಾಠಿಯಲ್ಲಿ ಪಾಠ ಮಾಡಿಕೊಂಡೆ. ಕ್ಷಮಿಸಿ, ಅದು ನನ್ನ ಕೃತಿಯಲ್ಲ, ಪ್ಯಾಕಿಂಗ್ ಸಾಮಾನು. ವೈಜಾಪುರದ ಹತ್ತಿರ ಕಣ್ಣು ಹತ್ತಿತು. ಪಾಠ ಮರೆತುಹೋಯಿತು.

ಗ್ಯಾಲರಿಯಲ್ಲಿ ಹತ್ತು ಹನ್ನೆರಡು ಜನ. ಗೋದಾವರಿಯ ಮುಂದೆ ಬಂದು, ಚೆನ್ನಾಗಿದೆ ಎಂದು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಕೆಳಗಿದೆಯಲ್ಲ, ಕೂರಲೇಬೇಕು. ಒಬ್ಬ ಮುದುಕಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಿದ್ದರು.

ನಾನೂ ಕೂತೆ. ಮೊದಲು ನಾಚಿಕೆ. ಆಮೇಲೆ ನೋಡುತ್ತಾ ಹೋದೆ.

ಹೋಟೆಲಿನ ಹಳೆಯ ಕೌಂಟರ್ ಒಡೆದಾಗ ಉಳಿದ ಪ್ಲೈವುಡ್ ಅದು. ಸ್ಟೋರಿನಲ್ಲಿ ಅಕ್ಕಿ ಮೂಟೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಗಂಜಿ ಅಂಟಿನ ಹಳದಿ ಪದರ, ಒಂದರ ಮೇಲೊಂದು. ಕಾಗದ ಮುಗಿದರೂ ಮುಂದಕ್ಕೆ ಓಡಿದ ಬ್ಲೇಡಿನ ಗೆರೆಗಳು. ಅಂಟಿ ಬಿಟ್ಟ ಕಾಗದದ ಅಂಚುಗಳು — ಯಾವುದೋ ಲಗ್ನಪತ್ರಿಕೆಯ ಕೆಂಪು, ಯಾವುದೋ ಬಸ್ ಟಿಕೆಟಿನ ಮೂಲೆ. ಸಾಂಬಾರು ಸೌಟು ಇಟ್ಟ ಗುರುತೂ ಇದೆ. ಯಾವುದನ್ನೂ ಚೆಂದ ಕಾಣಲಿ ಎಂದು ಹಾಕಿದ್ದಲ್ಲ. ಎಲ್ಲ ಸೇರಿ ಚೆಂದ ಕಾಣುತ್ತಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ನೂಲು ಹುಡುಕಿಕೊಂಡು ಯೇವಲಾಕ್ಕೆ ಹೋದೆನಲ್ಲ.

ಕೆಳಗಿನ ಮೂಲೆಯಲ್ಲಿ ಕಂಪಾಸಿನ ಮೊನೆಯಲ್ಲಿ ಕೊರೆದ ಒಂದಕ್ಷರ. ದೀಪಕ ಅದನ್ನೇ ತೋರಿಸಿ ಇದೇನು ಚಿಹ್ನೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪ್ರಜ್ಞಾ ಹೇಳಿದಳು.

“ತೀ ಮೀ ಆಹೇ. ಅದು ನಾನು. ಅರ್ಧ.”

‘ಪ್ರ’. ಶಾಲೆಯಿಂದ ಬಂದು ಅಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದಳು, ನಾನು ಕಾಗದ ಕತ್ತರಿಸುವಾಗ ಎದುರಿಗೆ ಕೂತು. ಒಂದು ದಿನ ಅವಳ ಹೆಸರು ಕನ್ನಡದಲ್ಲಿ ಹೇಳಿಕೊಡಲು ಶುರು ಮಾಡಿದ್ದೆ. ಪ್ರ ಆಯಿತು. ಕಿಚನ್‌ನಿಂದ ಕರೆ ಬಂತು. ಜ್ಞಾ ಕಷ್ಟ, ನಾಳೆ ಎಂದೆ.

ಅವಳಿಗೆ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ. ಪಾರ್ಸೆಲ್ ಬಿಚ್ಚಿದಾಗ ಅದನ್ನು ನೋಡಿಯೇ, ಅಮ್ಮ ಇದನ್ನೇ ನಡುವಿಗೆ ಕಳಿಸಿದ್ದಾಳೆ ಎಂದು ಖುಷಿಯಾಯಿತಂತೆ. ಅದಕ್ಕೇ ಮತ್ತೊಮ್ಮೆ ಕೇಳಲಿಲ್ಲವಂತೆ. ದೀಪಕ ಅವರಿಗೆ ಹೇಳಬೇಕಾದ್ದು ಹೇಳಲಿಲ್ಲ.

ಮುಂದಿನ ವರ್ಷಕ್ಕೂ ಗೋಡೆ ನಿಮ್ಮದೇ ಎಂದರು ಅವರು. ಇಂಥದ್ದೇ ಮಾಡಿ ಎಂದರು. ಇಂಥದ್ದೇ! ಸುಸ್ತಾಯಿತು.

ಆಗಸ್ಟ್ 14

ವಾಪಸ್. ಇವರಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಕೊಟ್ಟ ಮಾತಿನ ಹಾಗೆ, ಆಯ್ತು, ರೂಮು ನಿನ್ನದೇ ಎಂದರು. ಗೆದ್ದೆ.

ಮೇಲೆ ಬಂದು ಕೂತೆ. ಕಿಟಕಿ, ಬೆಳಕು, ಬಿಳಿ ಬೋರ್ಡು. ಬಣ್ಣದ ಪ್ರಕಾರ ಜೋಡಿಸಿಟ್ಟ ಕಾಗದ. ಇಡೀ ಮಧ್ಯಾಹ್ನ ಕೂತೆ. ಕೈ ಎತ್ತಲಿಲ್ಲ.

ಆಗಸ್ಟ್ 17

ಹೇಳಿಬಿಟ್ಟೆ. ರೂಮು ನೀವೇ ತಗೊಳ್ಳಿ, ನನಗೆ ಕೆಳಗಿನ ಸ್ಟೋರಿನಲ್ಲಿ ನನ್ನ ಹಳೆಯ ಜಾಗ ಕೊಡಿ, ಹೊಸ ಟ್ಯೂಬ್‌ಲೈಟ್ ಹಾಕಿಸಿ, ಒಂದು ಬೀಗದ ಕೈ ನನ್ನ ಹತ್ತಿರ ಇರಬೇಕು. ಇವರಿಗೆ ಗಾಬರಿ. ಸಿಟ್ಟು ಮಾಡಿಕೊಂಡು ಹೇಳುತ್ತಿದ್ದೇನೆ ಅಂದುಕೊಂಡರು.

“ನಾ ಕೇಳಿದ್ದಕ್ಕೆ ಹೀಗೆ ಮಾಡ್ತಿದ್ರೆ ನಂಗೆ ಆ ರೂಮೇ ಬೇಡ, ಚಂಪಾ.”

ಸಿಟ್ಟಲ್ಲ ಎಂದೆ. ಏನು ಎಂದು ನನಗೂ ಸರಿಯಾಗಿ ಹೇಳಲು ಬರಲಿಲ್ಲ. ಸ್ಟೋರಿನಲ್ಲಿ ಕೂತರೆ ಅಂಥದ್ದು ಬರುತ್ತದೆ ಎಂದೇನೂ ಇಲ್ಲ. ಆಗ ಬರುತ್ತಿದೆ ಎಂದು ಗೊತ್ತಿಲ್ಲದೆ ಬಂದಿತ್ತು. ಈಗ ಗೊತ್ತಾಗಿಬಿಟ್ಟಿದೆ. ಗೊತ್ತಾದ ಮೇಲೂ ಬರುತ್ತದೆಯೇ?

ಆಗಸ್ಟ್ 23

ರೂಮು ಖಾಲಿ ಮಾಡಿದೆ. ಎರಡೂ ಭಾಷೆಯಲ್ಲಿ. ಯಮನವ್ವ ಕಾಗದದ ಕಟ್ಟು ಹೊತ್ತು ಮೆಟ್ಟಿಲಿಳಿಯುತ್ತಾ, “ಮ್ಯಾಲ ಛಲೋ ಇತ್ತಲ್ರಿ ಅಕ್ಕಾರ, ಇಲ್ಲಿ ಒಗ್ಗರಣಿ ಘಾಟ ಹೊಡಿತೈತಿ,” ಎಂದಳು. ಹೊಡೆಯುತ್ತದೆ. ಈಗಲೇ ಎರಡು ಸಲ ಸೀನಿದೆ.

ಸೋತೆನೋ ಗೆದ್ದೆನೋ ಗೊತ್ತಿಲ್ಲ. ಬೆನ್ನು ನೋಯುತ್ತಿದೆ, ಅದಂತೂ ಗೊತ್ತು.

ಆಗಸ್ಟ್ 26, ಮಂಗಳವಾರ. ಸಂಜೆ

ನಾಳೆ ಚೌತಿ. ಪ್ರಜ್ಞಾ ಬಂದಿದ್ದಾಳೆ. ಹಳೆಯ ಹಲಗೆ ತರಲಿಲ್ಲ. ಎಕ್ಸಿಬಿಷನ್ ಮುಗಿಯಿತು, ಅದೀಗ ನನ್ನ ರೂಮಿನಲ್ಲಿದೆ, ಕೊಡುವುದಿಲ್ಲ ಎಂದಳು. ಮೇಲೆ ಬಡಗಿ ಕೆಲಸ ನಡೆದಿದೆ. ಇವರು ಅವನಿಂದ ಒಂದು ಪ್ಲೈವುಡ್ ತುಂಡು ಕೊಯ್ಯಿಸಿ, ಅಂಚು ಉಜ್ಜಿಸಿ, ಏನೂ ಹೇಳದೆ ಮೂಟೆಯ ಮೇಲೆ ಇಟ್ಟು ಹೋದರು.

ಹೊಸ ಹಲಗೆ. ಒಂದು ಗೀರಿಲ್ಲ. ಅಂಟು ಒರೆಸಲೂ ಕೈ ಬರುತ್ತಿಲ್ಲ. ಒರೆಸಿದರೂ ಬೇಕೆಂದೇ ಒರೆಸಿದ ಹಾಗೆ ಕಾಣುತ್ತದೆ. ಅದನ್ನೇ ನೋಡುತ್ತಾ ಇದಿಷ್ಟು ಬರೆಯುತ್ತಿದ್ದೇನೆ.

ಅವಳು ಎದುರಿಗೆ ಬಂದು ಕೂತಳು. ಕಂಪಾಸು ತಂದಿದ್ದಾಳೆ. ಮೂಲೆಯಲ್ಲಿ ತಾನೇ ಪ್ರ ಕೊರೆದಳು. ಸೊಟ್ಟ, ಆದರೂ ಪ್ರ. ತಲೆ ಎತ್ತಿದಳು.

“ಪುಢಂ? ಮುಂದೆ ಹೇಳು.”

ಜಾ ಬರಿ ಎಂದೆ. ಬರೆದಳು. ಅದರ ಖಾಲಿ ಒಂದು ಒತ್ತು ಎಂದೆ. ಕೈ ತಡೆದು ನನ್ನ ಮುಖ ನೋಡಿದಳು, ಯಾವ ಖಾಲಿ ಎಂದು. ನಿನ್ನದು ಎಂದೆ.

ಕಿಚನ್‌ನಿಂದ ಕರೆಯುತ್ತಿದ್ದಾರೆ. ಮೋದಕದ ಹಿಟ್ಟು ಆರುತ್ತಿದೆಯಂತೆ. ಕರೆಯಲಿ. ಮೊದಲು ಇವಳ ಕೈ ಹಿಡಿದು ಕೆಳಗೆ ಈ ಒತ್ತು