ಕುರಿ ಕರೆಯುವ ದನಿಯ ಬಗ್ಗೆ ಒಂದು ವಿಚಾರಣೆ

ಜೋಳದ ತಿಂಗಳು, ನಲವತ್ತೊಂದನೆಯ ದಿನ, ೨೨೧೮
ಕಪ್ಪತಗುಡ್ಡದ ಕೆಳಗಿನ ಕೊನೆಮನೆಯಿಂದ

ನಿಮ್ಮ ಕಾಲದಲ್ಲಿ ಕುರಿ ಮೇಯಿಸುತ್ತಿರುವ ಹಿರಿಯರಿಗೆ,

ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ನಮ್ಮಲ್ಲಿ ವರ್ಷಕ್ಕೆ ಎಂಟೇ ತಿಂಗಳು, ಒಂದೊಂದಕ್ಕೂ ಒಂದು ಬೆಳೆಯ ಹೆಸರು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಕ್ಷಮಿಸಿ. ನಿಮ್ಮ ಕಾಲದ ಬರಹ ಓದುವಾಗ ನಾನೂ ಅಷ್ಟೇ ತಡವರಿಸುತ್ತೇನೆ. ನೀವು ಇಪ್ಪತ್ತರ ಪ್ರಾಯದವರಾಗಿದ್ದರೂ ನನಗೆ ಹಿರಿಯರೇ, ಆದ್ದರಿಂದ ಈ ಗೌರವವನ್ನು ಸುಮ್ಮನೆ ಸ್ವೀಕರಿಸಿ. ನನ್ನ ಹೆಸರು ಜೈತುನಬಿ. ನಿಮ್ಮಿಂದ ಒಂದು ವಿಷಯ ತಿಳಿದುಕೊಳ್ಳಬೇಕಾಗಿದೆ.

ನೀವು ಕಸಾಯಿಖಾನೆ ಎನ್ನುವುದನ್ನು ನಾವು ಕೊನೆಮನೆ ಎನ್ನುತ್ತೇವೆ. ಹೆಸರು ಮೆತ್ತಗಾಯಿತೇ ಹೊರತು ಕೆಲಸ ಅದೇ. ನಾನು ಇಲ್ಲಿ ಬಾಗುಗಾರ್ತಿ. ಅಂದರೆ, ಕುರಿಗಳು ಬರುವ ಮೊದಲು ಅವು ನಡೆಯುವ ಓಣಿಯಲ್ಲಿ ಅವುಗಳಷ್ಟೇ ಎತ್ತರಕ್ಕೆ ಬಾಗಿ ನಡೆದು, ಅವುಗಳ ಕಣ್ಣಿಗೆ ಏನೇನು ಬೀಳುತ್ತದೆ ಎಂದು ನೋಡುವವಳು. ತೂಗಾಡುವ ಸರಪಳಿ, ನೆಲದ ಮೇಲೆ ಹೊಳೆಯುವ ನೀರು, ಬೇಲಿಯ ಮೇಲೆ ಯಾರೋ ಒಣಹಾಕಿದ ಅಂಗಿ, ಇಷ್ಟೇ ಸಾಕು ಕುರಿ ನಿಂತುಬಿಡುವುದಕ್ಕೆ. ಅಂಗಿ ಸಾಮಾನ್ಯವಾಗಿ ನನ್ನ ಗಂಡನದೇ ಆಗಿರುತ್ತದೆ. ಎಷ್ಟು ಹೇಳಿದರೂ ಕೇಳುವ ಆಸಾಮಿಯಲ್ಲ. ಓಣಿಯ ತುದಿಯಲ್ಲಿ ಮಂಪರುಗೂಡು ಇದೆ. ಅದರೊಳಗೆ ಹೋದ ಕುರಿಗೆ ಎಚ್ಚರ ತಪ್ಪುತ್ತದೆ, ಆಮೇಲೆ ಆಗುವುದು ಅದಕ್ಕೆ ತಿಳಿಯುವುದಿಲ್ಲ. ಪ್ರತಿ ಕುರಿಯ ಕೊರಳಲ್ಲೂ ಒಂದು ಬೆದರುಪಟ್ಟಿ ಇರುತ್ತದೆ. ಕುರಿ ನೆಮ್ಮದಿಯಾಗಿದ್ದರೆ ಪಟ್ಟಿ ಬಿಳಿ, ಹೆದರಿದರೆ ಕೆಂಪು. ಕೆಂಪಾದ ಕುರಿಯನ್ನು ಆ ದಿನ ಮುಟ್ಟುವಂತಿಲ್ಲ, ಮತ್ತೆ ಹುಲ್ಲಿಗೆ ಬಿಡಬೇಕು. ಮಹಾ ಪುಕ್ಕಲು ಟಗರೊಂದು ಹೀಗೇ ಪ್ರತಿ ಸಲವೂ ತಪ್ಪಿಸಿಕೊಂಡು ಮುದಿಯಾಗಿದೆ. ಈಗ ಅದು ನಮ್ಮನ್ನೇ ಹಾಯಲು ಬರುತ್ತದೆ.

ನಿಮ್ಮ ಕಾಲದಲ್ಲಿ ಎಷ್ಟೋ ಕಡೆ ಪ್ರಾಣಿಗಳನ್ನು ಕೂಗಿ, ಬಡಿದು, ಬಾಲ ತಿರುಚಿ ಒಳಗೆ ಅಟ್ಟುತ್ತಿದ್ದರು ಎಂದು ಓದಿದ್ದೇವೆ. ನಮ್ಮವರು ಅದನ್ನೆಲ್ಲ ನಿಲ್ಲಿಸಿದರು. ನಿಲ್ಲಿಸಿ ಸುಮ್ಮನಿರದೆ, ಓಣಿಯಲ್ಲಿ ಮನುಷ್ಯರು ಬಾಯಿಯನ್ನೇ ತೆರೆಯಬಾರದು ಎಂದು ಕಟ್ಟಳೆ ಮಾಡಿದರು. ನೆಲಕ್ಕೆ ರಬ್ಬರು ಹಾಸಿದರು, ಬಾಗಿಲುಗಳಿಗೆ ಎಣ್ಣೆ ಬಿಟ್ಟರು. ಕೆಮ್ಮು ಬಂದವರು ಹೊರಗೆ ಓಡಬೇಕು. ಹೋದ ವರ್ಷ ಗೋಡೆಗಳಿಗೆ ಸದ್ದು ಹೀರುವ ಬೆಂಡನ್ನೂ ಹಚ್ಚಿದರು. ಮೌನವೇ ದಯೆ ಎಂದು ನಾವೆಲ್ಲ ನಂಬಿದ್ದೆವು. ವಿಚಿತ್ರವೆಂದರೆ, ಆಮೇಲೆಯೇ ಓಣಿಯ ತಿರುವಿನಲ್ಲಿ ಹಿಂಡಿಗೆ ಹಿಂಡೇ ಕೆಂಪಾಗತೊಡಗಿತು. ನಾನು ಬಾಗಿ ನೋಡಿದೆ, ತೆವಳಿ ನೋಡಿದೆ, ಕೊನೆಗೆ ಅಂಗಾತ ಮಲಗಿಯೂ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ಮಾಳವ್ವನಿಂದ. ಗುಡ್ಡದ ಮೇಲೆ ಕುರಿ ಮೇಯಿಸಿ ನಮಗೆ ತಂದೊಪ್ಪಿಸುವವಳು ಅವಳು. ಒಂದು ದಿನ ಕುರಿಗಳನ್ನು ಒಳಗೆ ಬಿಟ್ಟು ಹೊರಟವಳು, ದಾರಿ ತಪ್ಪಿದ ಮರಿಯೊಂದನ್ನು ಕರೆಯಲು ಗೇಟಿನಾಚೆ ನಿಂತು ನಾಲಿಗೆ ಹೊರಳಿಸಿ ಒಂದು ದನಿ ಮಾಡಿದಳು. ಬರೆಯುವುದಾದರೆ 'ಟ್ರುಯ್ಯಾ' ಎಂದು ಬರೆಯಬಹುದು, ಆದರೆ ಹಾಗೆ ಓದಿ ಕರೆದರೆ ಕುರಿಯಿರಲಿ, ಕೋಳಿಯೂ ಬರುವುದಿಲ್ಲ. ಗೇಟು ತೆರೆದೇ ಇತ್ತು. ತಿರುವಿನಲ್ಲಿ ನಿಂತಿದ್ದ ಕುರಿಗಳು ಕಿವಿ ನಿಮಿರಿಸಿದವು, ಅವುಗಳ ಪಟ್ಟಿಗಳು ಒಂದೊಂದಾಗಿ ಬೆಳ್ಳಗಾದವು. ಹುಟ್ಟಿದಾಗಿನಿಂದ ಯಾರದಾದರೂ ದನಿ ಕೇಳುತ್ತಲೇ ಬೆಳೆದ ಕುರಿಗೆ, ದನಿ ನಿಂತಿತೆಂದರೆ ತೋಳ ಬಂತು ಎಂದೇ ಅರ್ಥವಂತೆ. ಇದನ್ನು ಮಾಳವ್ವ ಹೇಳುವಾಗ ನನ್ನ ಮುಖ ನೋಡಿ ನಗುತ್ತಿದ್ದಳು.

ಕೊನೆಮನೆಯ ಪಂಚರು ಕುಣಿದಾಡಿದರು. ಆ ದನಿಯನ್ನು ಯಂತ್ರದಲ್ಲಿ ಹಿಡಿದಿಟ್ಟು ದಿನವೂ ಓಣಿಯಲ್ಲಿ ನುಡಿಸೋಣ ಎಂದರು. ಮಾಳವ್ವ ಒಪ್ಪದಿದ್ದರೆ ಬೆದರುಪಟ್ಟಿಗಳನ್ನೇ ಬಿಚ್ಚಿಬಿಡೋಣ, ಕೆಂಪು ಕಾಣದಿದ್ದರೆ ತಲೆನೋವೂ ಇಲ್ಲ ಎಂದೂ ಸೇರಿಸಿದರು. ಮಾಳವ್ವ ಒಪ್ಪಲಿಲ್ಲ. "ಇದು ನೀರಿಗಿ ಕರಿಯೂ ದನಿ, ಜೈತುನವ್ವಾ. ಯಂತ್ರಕ್ಕ ಕೊಡಾಂಗಿಲ್ಲ. ಕರದಾಕಿ ಸಂಗಾಟ ನಡೀಬೇಕು," ಎಂದಳು. ಹೇಳಿದಂತೆ ಮರುದಿನ ತಾನೇ ಓಣಿಯಲ್ಲಿ ಮುಂದೆ ನಡೆದಳು. ಕುರಿಗಳು ಅವಳ ಸೀರೆಯ ನೆರಿಗೆಗೆ ಮೂತಿ ತಾಗಿಸಿಕೊಂಡು ಹಿಂದೆಯೇ ಬಂದವು. ಮಂಪರುಗೂಡಿನ ಬಾಗಿಲಲ್ಲಿ ಅವಳು ಪಕ್ಕಕ್ಕೆ ಸರಿದು ನಿಂತಳು, ಅವು ಒಳಗೆ ಹೋದವು. ಒಂದು ಪಟ್ಟಿಯೂ ಕೆಂಪಾಗಲಿಲ್ಲ. ನನಗೆ ಬಹಳ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಅದೇ ಸಂಜೆ ಮಾಳವ್ವ ತನ್ನ ಉಳಿದ ಕುರಿಗಳನ್ನು ನೀರಿಗೆ ಕರೆಯಲು ತೊಟ್ಟಿಯ ಬಳಿ ನಿಂತಳು. ಬಾಯಿ ತೆರೆದಳು, ದನಿ ಬರಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ನೋಡಿದಳು, ಆಗಲೂ ಬರಲಿಲ್ಲ. ಕುರಿಗಳು ದೂರದಲ್ಲಿ ನಿಂತು ಅವಳನ್ನೇ ನೋಡುತ್ತಿದ್ದವು. ಅವಳು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತು, "ನೀನರ ಕರಿಯವ್ವಾ, ನೀರ ಕುಡೀಲಿ ಪಾಪ," ಎಂದಳು. ನಾನು ಹೇಗೋ ನಾಲಿಗೆ ಹೊರಳಿಸಿ ಕೂಗಿದೆ, ತೀರಾ ಕೆಟ್ಟದಾಗಿ. ಕುರಿಗಳು ಓಡಿ ಬಂದವು. ಮೈಮೇಲೆ ಕೊನೆಮನೆಯ ಬಟ್ಟೆಯಿದ್ದ ನನ್ನ ಕಾಲಿಗೇ ಮೈ ಉಜ್ಜಿಕೊಂಡು ನೀರು ಕುಡಿದವು. ನನಗೆ ಎಲ್ಲಾದರೂ ಓಡಿಹೋಗಬೇಕು ಅನ್ನಿಸಿತು.

ನಾಡಿದ್ದು ಪಂಚರು ಮತ್ತೆ ಸೇರುತ್ತಾರೆ. ಪಟ್ಟಿ ಬಿಚ್ಚಲು ನಾನು ಬಿಡುವುದಿಲ್ಲ, ದನಿಯನ್ನು ಯಂತ್ರಕ್ಕೆ ಹಾಕಲೂ ಬಿಡುವುದಿಲ್ಲ. ಮೂರನೆಯ ದಾರಿ ನನಗೆ ಗೊತ್ತಿಲ್ಲ. ನಿಮ್ಮ ಕಾಲದ ಹಾಡುಗಳೂ ಭಾಷಣಗಳೂ ನಮ್ಮ ಬಳಿ ರಾಶಿ ಬಿದ್ದಿವೆ, ಆದರೆ ಕುರಿ ಕರೆಯುವ ದನಿಯನ್ನು ಯಾರೂ ಉಳಿಸಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಕುರಿಗಳನ್ನು ಕೊನೆಯ ಸಲ ಹೊಡೆದುಕೊಂಡು ಹೊರಟಾಗ ನೀವು ಬೇರೆ ದನಿಯಲ್ಲಿ ಕರೆಯುತ್ತೀರಾ, ನೀರಿಗೆ ಕರೆಯುವ ಅದೇ ದನಿಯಲ್ಲೋ? ಬೇರೆ ಇದ್ದರೆ ಮಕ್ಕಳಿಗೆ ಕಲಿಸಿ, ಅವರು ತಮ್ಮ ಮಕ್ಕಳಿಗೆ ಕಲಿಸಲಿ, ಹೇಗೋ ನನ್ನವರೆಗೆ ಬಂದೀತು. ಅದೇ ದನಿಯಾಗಿದ್ದರೆ, ಮರಳಿ ಬಂದ ಮೇಲೆ ಉಳಿದ ಕುರಿಗಳನ್ನು ಹೇಗೆ ಕರೆಯುತ್ತೀರಿ ಎಂಬುದನ್ನಾದರೂ ಹೇಳಿ. ಮಾಳವ್ವನಿಗೆ ಆ ದನಿ ಇನ್ನೂ ಬಂದಿಲ್ಲ. ದಿನಾ ಸಂಜೆ ನಾನೇ ಕರೆಯುತ್ತೇನೆ, ಅವು ಬರುತ್ತವೆ.

ನಿಮ್ಮ ಮುಂದಿನವಳು,
ಜೈತುನಬಿ