ಅರ್ಧಕ್ಕ ನಿಂತ ಲಕ್ಷಬತ್ತಿ

ಸೇಡಂ, ಡಿಸೆಂಬರ್ ೨೦೦೮

ಅವ್ವಾ,

ಇವತ್ತ ನಿನ್ನ ಅವಳಿ ಅಕ್ಕ, ನಮ್ಮ ಭಾಮಾ ಮೌಶಿ ಮುಂದ, ನಿನ್ನ ಪರವಾಗಿ ವಾದ ಮಾಡಿ ಗೆದ್ದು ಬಂದೀನಿ.

ನೀ ತೀರಿಹೋಗೂಕಿಂತ ಮೊದಲ ಕೊಟ್ಟಿದ್ದ ರಕ್ತ, ಮೌಶಿ ರಕ್ತ, ಎರಡನ್ನೂ ನಾ ಕೆಲಸ ಮಾಡೂ ಹೈದರಾಬಾದಿನ ಲ್ಯಾಬಿನ್ಯಾಗ ನಾನೇ ತಾಳೆ ಹಾಕಿ ನೋಡೀನಿ. ನಿಮ್ಮಿಬ್ಬರ ಜೀನು ಅಕ್ಷರಕ್ಕ ಅಕ್ಷರ ಒಂದೇ. ಆದರ ಯಾವ ಸಾಲು ಓದಬೇಕು, ಯಾವುದು ಬಿಡಬೇಕು ಅಂತ ಶರೀರ ಅದರ ಮ್ಯಾಲ ಗುರುತು ಹಾಕಿರ್ತದ. ಆ ಗುರುತು ಭಾಳ ಕಡೆ ಬ್ಯಾರೆ ಅವ. ಇಬ್ಬರ ರಕ್ತದಿಂದ ನಿನ್ನ ರೋಗದ ಕಾರಣ ಹೇಳಲಿಕ್ಕೆ ಬರೂದಿಲ್ಲ, ಖರೆ. ಆದರ ಅವಳಿ ಒಳಗ ಒಬ್ಬಾಕಿಗೇ ಸಂಧಿವಾತ ಬರಬಹುದು ಅನ್ನೂದರಾಗ ನನಗ ಎಳ್ಳಷ್ಟೂ ಅನುಮಾನಿಲ್ಲ.

ತೊಂಬತ್ತಾರರ ಚಾತುರ್ಮಾಸದಾಗ ದೇವರಿಗೆ ಲಕ್ಷ ಬತ್ತಿ ಹೊಸೀತೀವಿ ಅಂತ ಇಬ್ಬರೂ ವ್ರತ ಹಿಡಿದಿದ್ರಿ. ಮೌಶಿ ಮುಗಿಸಿದಳು. ನಿನ್ನ ಬೆರಳು ಬಾತು, ಅರ್ಧಕ್ಕೇ ಹತ್ತಿ ಅರಳಿ ಕೆಳಗಿಟ್ಟಿ. ಡಾಕ್ಟರ್ ಹೇಳಿದ್ರೂ ಮನ್ಯಾಗ ಯಾರೂ ನಂಬಲಿಲ್ಲ. "ಆಕಿಗಿಲ್ಲದ್ದು ಈಕಿಗೆಲ್ಲಿಂದ ಬಂತು? ಬರೇ ಸೋಗು" ಅಂದ್ರು.

ಇವತ್ತ ಎಲ್ಲಾ ಬಿಡಿಸಿ ಹೇಳಿದೆ. ಮೌಶಿ ಬತ್ತಿ ಹೊಸಿಯೂದು ಬಿಟ್ಟು, ತನ್ನ ಕೈ ನೋಡಿಕೋತ ಕೂತಳು.

"ಸೋಗು ಅಂತ ಮೊದಲ ಅಂದವರ್ಯಾರ, ಶುಭಾ?"

"ನೆನಪಿಲ್ಲ ಮೌಶಿ" ಅಂದೆ.

ಆ ಮಾತು ಮನ್ಯಾಗ ಮೊದಲ ಸಲ ಬಂದ ದಿನ ನನ್ನ ಜಡಿ ಹೆಣಿಯಲಿಕ್ಕೆ ನಿನಗ ಆಗಿದ್ದಿಲ್ಲ, ಅವ್ವಾ. ಸಾಲಿಗೆ ತಡ ಆಗಿತ್ತು. ನನಗ ಭಾಳ ಸಿಟ್ಟು ಬಂದಿತ್ತು.

ಶುಭಾ