ಗೇಟಿನ ಮೇಲಿನ ಬಳ್ಳಿಯ ಹೆಸರು

ಅಬ್ಬಾ,

ನೀವು ತೀರಿಕೊಂಡ ಮೇಲೆ ಇವತ್ತು, ಹನ್ನೊಂದು ವರ್ಷದಲ್ಲಿ ಮೊದಲ ಸಲ, ರಿಚರ್ಡ್ಸ್ ಟೌನಿನ ನಿಮ್ಮ ಮನೆಗೆ ಹೋಗಿದ್ದೆ. ಚಳಿಗಾಲ ಮುಗಿಯುತ್ತ ಬಂದು ಬೇರೆ ಗಿಡಗಳ ಹೂವೆಲ್ಲ ಉದುರಿವೆ. ನೀವು ಗೇಟಿಗೆ ಹಬ್ಬಿಸಿದ ಬಳ್ಳಿ ಮಾತ್ರ ಈಗ ಮೈತುಂಬ ನಸುಗೆಂಪಾಗಿದೆ.

ಪಕ್ಕದ ಮನೆಯ ಪ್ರತಿಭಾ ಆಂಟಿ ಹೊರಗೆ ಬಂದರು. "ಇದರ ಹೆಸರು ಗೊತ್ತಾಗ್ದೆ ನಿಮ್ಮಪ್ಪ ಒದ್ದಾಡ್ಬಿಟ್ರು ಫಾಯಿಜಾ. ನರ್ಸರಿಯವ್ರು ಕಾಗದದ ಹೂವು ಅಂದ್ರೆ ಒಪ್ತಾನೇ ಇರ್ಲಿಲ್ಲ."

ಒಂದು ಗೊಂಚಲು ಕಿತ್ತು ನೋಡಿದೆ. ಬಣ್ಣವೆಲ್ಲ ಹೂವನ್ನು ಸುತ್ತುವರಿದ ಎಲೆಗಳದ್ದು. ನಿಜವಾದ ಹೂವು ನಡುವೆ, ಅಕ್ಕಿಕಾಳಿನಷ್ಟು, ಬಿಳಿ.

"ಕಾಗದದ ಹೂವಲ್ಲ ಆಂಟಿ, ಇದರ ಹೆಸರು ಕಾಂಜಿಯಾ," ಅಂದೆ.

ಅರ್ಧ ನಿಮಿಷವೂ ಹಿಡಿಯಲಿಲ್ಲ, ಅಬ್ಬಾ. ಹುಲ್ಲು ಕಡ್ಡಿ ಓದುವುದಾದರೆ ಈ ಮನೆಗೆ ಬರಬೇಡ ಅಂದಿದ್ದಿರಲ್ಲ, ಆ ಸಸ್ಯಶಾಸ್ತ್ರವೇ ಇದು. ಈಗ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಓದಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.

"ಮಗಳನ್ನೇ ಕೇಳಿ ಅಂತ ಎಷ್ಟು ಸಲ ಹೇಳ್ದೆ," ಅಂದರು ಆಂಟಿ. "ಅವಳೇ ಬಂದು ನೋಡಿ ಹೇಳ್ಲಿ ಅಂತಿದ್ರು."

ನೀವು ಒಂದು ಫೋನ್ ಮಾಡಬಹುದಿತ್ತು. ನನ್ನ ನಂಬರ್ ಹನ್ನೊಂದು ವರ್ಷದಿಂದ ಅದೇ ಇದೆ. ಕರೆಯದೆ ನಾನು ಯಾರ ಮನೆಗೂ ಹೋಗುವವಳಲ್ಲ. ಈ ಹಟ ನನಗೆ ಕಾಲೇಜಿನಲ್ಲಿ ಯಾರೂ ಕಲಿಸಿದ್ದಲ್ಲ, ಅಬ್ಬಾ.

ನಿಮ್ಮ ಮಗಳು,
ಫಾಯಿಜಾ